ಒಳ್ಳೆಯದು ಮಾಡುವುದು ನಮ್ಮ ಖುಷಿಗೋ, ಖುಷಿಗಿಂತ ದೊಡ್ಡದಕ್ಕೋ?

ಬಿಜೈ ವಾಸಿ

ನಮ್ಮದೊಂದು ಸಣ್ಣ ತಂಡ. ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ರೋಗಿಗಳ ಜೊತೆ ನಿಲ್ಲುವವರಿಗೆ ರಾತ್ರಿಯ ಊಟ ಕೊಡುತ್ತೇವೆ. ಸುಳ್ಯ, ಕಾಸರಗೋಡು, ಕೊಡಗು, ಶಿವಮೊಗ್ಗದ ಕಡೆಯಿಂದ ಬಂದವರು, ಕೈಯಲ್ಲಿದ್ದದ್ದು ಔಷಧಿಗೇ ಮುಗಿದವರು ಅಲ್ಲಿ ತುಂಬ ಜನ. ಕಳೆದ ಮೀಟಿಂಗಿನಲ್ಲಿ ಎದ್ದ ಒಂದು ಚರ್ಚೆ ಅರ್ಧಕ್ಕೇ ನಿಂತಿದೆ. ಇಲ್ಲಿ ಯೋಚನೆ ಮಾಡಿ ಬರೆಯುವವರು ಇದ್ದೀರಿ, ಆದ್ದರಿಂದ ನಿಮ್ಮ ಮುಂದೆ ಇಡುತ್ತಿದ್ದೇನೆ.

ಒಬ್ಬ ಸದಸ್ಯರ ಸಲಹೆ ಹೀಗಿತ್ತು. ಹುಟ್ಟುಹಬ್ಬ, ಮದುವೆಯಾದ ದಿನ, ತಂದೆತಾಯಿಯ ತಿಥಿ, ಯಾರಿಗೆ ಯಾವ ದಿನ ಕೊಡುವುದು ಖುಷಿಯೋ ಆ ದಿನದ ಊಟ ಅವರದ್ದು. "ಎಲ್ಲರೂ ಒಳ್ಳೆಯದು ಮಾಡುವುದು ಕಡೆಗೆ ತಮ್ಮ ಖುಷಿಗೇ ಅಲ್ವಾ ಮಾರಾಯ್ರೆ? ಅದನ್ನು ಒಪ್ಪಿಕೊಂಡರೆ ಕೆಲಸ ಸಲೀಸು" ಎಂದರು. ತಂಡದ ಹಿರಿಯರೊಬ್ಬರಿಗೆ ಇದು ಹಿಡಿಸಲಿಲ್ಲ. "ಖುಷಿಯೇ ಬೇಕಾದರೆ ಪಣಂಬೂರು ಬೀಚಿಗೆ ಹೋಗಬಹುದು. ನಾವಿಲ್ಲಿಗೆ ಬರುವುದು ಅದಕ್ಕಿಂತ ದೊಡ್ಡ ಉದ್ದೇಶಕ್ಕೆ" ಎಂದರು. ಮಾತು ಬಿಸಿಯಾಯಿತು, ಹೊತ್ತೂ ಆಯಿತು, ಎಲ್ಲರೂ ಎದ್ದು ಹೋದರು.

ನನ್ನ ಅಭಿಪ್ರಾಯ ಮೊದಲೇ ಹೇಳುತ್ತೇನೆ. "ಎಲ್ಲರೂ ತಮ್ಮ ಖುಷಿಗೇ ಮಾಡುವುದು" ಎಂಬ ಮಾತು ಕೇಳ್ಲಿಕ್ಕೆ ಭಾರಿ ಗಟ್ಟಿ. ಯಾವ ಉದಾಹರಣೆ ಕೊಟ್ಟರೂ ಅದನ್ನು ನುಂಗಿಬಿಡುತ್ತದೆ. ನದಿಗೆ ಹಾರಿ ಇನ್ನೊಬ್ಬರ ಮಗುವನ್ನು ಎಳೆದು ತಂದು ತಾನು ಸತ್ತವನ ಬಗ್ಗೆ ಹೇಳಿದರೂ "ಆ ಕ್ಷಣ ಅವನಿಗೆ ಅದರಲ್ಲೇ ತೃಪ್ತಿ ಇತ್ತು" ಎನ್ನಬಹುದು. ಆದರೆ ಯಾವುದರಿಂದಲೂ ಸುಳ್ಳಾಗದ ಮಾತಿನಿಂದ ನಮಗೆ ಯಾರ ಬಗ್ಗೆಯೂ ಹೊಸದೇನೂ ತಿಳಿಯುವುದಿಲ್ಲ.

ಇನ್ನೊಂದು ತೊಡಕು ಹೆಚ್ಚು ಆಳದ್ದು. ಇಂಗ್ಲೆಂಡಿನ ಪಾದ್ರಿ ಜೋಸೆಫ್ ಬಟ್ಲರ್ 1726ರಲ್ಲಿ ಅಚ್ಚಾದ ತನ್ನ ಉಪದೇಶಗಳಲ್ಲಿ ಇದನ್ನು ತೋರಿಸಿದ್ದಾನೆ. ಅವನ ವಾದವನ್ನು ನಮ್ಮ ಕಡೆಗೆ ತಂದು ಹೇಳುತ್ತೇನೆ. ಮಗುವಿನ ಜ್ವರ ಬಿಟ್ಟಾಗ ತಾಯಿಗೆ ಸಂತೋಷವಾಗುತ್ತದೆ. ಅವಳಿಗೆ ಮೊದಲೇ ಮಗು ಚೆನ್ನಾಗಿರಬೇಕಿತ್ತು, ಆದ್ದರಿಂದ ಆ ಸಂತೋಷ. ಮಗು ಹೇಗಿದ್ದರೂ ಪರವಾಗಿಲ್ಲ ಅನ್ನುವವಳಿಗೆ ಜ್ವರ ಬಿಟ್ಟರೂ ಏನೂ ಅನ್ನಿಸದು. ಮೊದಲು ಮಗುವಿನ ಮೇಲಿನ ಆಸೆ, ಸಂತೋಷ ಅದರ ಬೆನ್ನಿಗೆ. ಆ ತಾಯಿಯ ಹತ್ತಿರ ಹೋಗಿ "ಜ್ವರ ಹಾಗೇ ಇರಲಿ, ನಿಮಗೆ ಸಂತೋಷವಾಗುವ ಒಂದು ಮಾತ್ರೆ ಕೊಡುತ್ತೇನೆ" ಅಂದರೆ ಅವಳು ಹೊಡೆದು ಓಡಿಸಿಯಾಳು.

ಹಾಗಾಗಿ ಖುಷಿಯಾಯಿತು ಎಂದ ಮಾತ್ರಕ್ಕೆ ಖುಷಿಗಾಗಿ ಮಾಡಿದ್ದು ಎಂದಾಗುವುದಿಲ್ಲ. ಇಷ್ಟು ನನಗೆ ಖಚಿತ. ಆದರೆ ನಮ್ಮ ಹಿರಿಯರು ಹೇಳಿದ "ದೊಡ್ಡ ಉದ್ದೇಶ" ಯಾವುದು ಎಂಬುದು ಇನ್ನೂ ಸ್ಪಷ್ಟವಿಲ್ಲ. ನೀವೇನು ಹೇಳುತ್ತೀರಿ?

ಎಂಡ್‌ಪಾಯಿಂಟ್

ನಾನು ಮಣಿಪಾಲದಲ್ಲಿ ಮನಶ್ಶಾಸ್ತ್ರ ಓದುತ್ತಿದ್ದೇನೆ ಸರ್. ಖುಷಿಯ ಪರವಾಗಿ ಯಾರಾದರೂ ಮಾತಾಡಬೇಕಲ್ಲ, ನಾನೇ ಮಾತಾಡುತ್ತೇನೆ.

2008ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಎಲಿಜಬೆತ್ ಡನ್ ಮತ್ತು ಜೊತೆಯವರ ಒಂದು ಪ್ರಯೋಗ ಬಂದಿತ್ತು. ಬೆಳಿಗ್ಗೆ ಕೆಲವರ ಕೈಗೆ 5 ಡಾಲರ್, ಕೆಲವರ ಕೈಗೆ 20 ಡಾಲರ್ ಕೊಟ್ಟು, ಅರ್ಧ ಜನರಿಗೆ ಸ್ವಂತಕ್ಕೆ, ಇನ್ನರ್ಧ ಜನರಿಗೆ ಬೇರೆಯವರಿಗೆ ಖರ್ಚು ಮಾಡಲು ಹೇಳಿದರು. ಸಂಜೆ ಕೇಳಿದಾಗ ಬೇರೆಯವರಿಗೆ ಖರ್ಚು ಮಾಡಿದವರೇ ಹೆಚ್ಚು ಸಂತೋಷದಲ್ಲಿದ್ದರು. ಮೊತ್ತ ಎಷ್ಟು ಎಂಬುದರಿಂದ ವ್ಯತ್ಯಾಸ ಬರಲಿಲ್ಲ. ಅದಕ್ಕೂ ಒಂದು ವರ್ಷ ಮೊದಲು, 2007ರಲ್ಲಿ, ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದವರು ಜನರನ್ನು ಸ್ಕ್ಯಾನರಿನಲ್ಲಿ ಮಲಗಿಸಿ, ಅವರ ಹಣ ಬಡವರಿಗೆ ಆಹಾರ ಹಂಚುವ ಸಂಸ್ಥೆಗೆ ಹೋಗುವಾಗ ಮಿದುಳಿನಲ್ಲಿ ಏನಾಗುತ್ತದೆ ಎಂದು ನೋಡಿದರು. ಇಷ್ಟದ ತಿಂಡಿ ಸಿಕ್ಕಾಗ, ದುಡ್ಡು ಸಿಕ್ಕಾಗ ಎಚ್ಚೆತ್ತುಕೊಳ್ಳುವ ಭಾಗಗಳೇ ಆಗಲೂ ಎಚ್ಚೆತ್ತವು. ವಿಶೇಷ ಏನೆಂದರೆ ತಾವಾಗಿ ಕೊಟ್ಟಾಗ ಮಾತ್ರವಲ್ಲ, ತೆರಿಗೆಯ ಹಾಗೆ ಕಡ್ಡಾಯವಾಗಿ ತೆಗೆದುಕೊಂಡಾಗಲೂ ಎಚ್ಚೆತ್ತವು. ತಾವಾಗಿ ಕೊಟ್ಟಾಗ ಸ್ವಲ್ಪ ಹೆಚ್ಚು.

ನಮ್ಮ ದೇಹವೇ ಕೊಡುವುದಕ್ಕೆ ಹೀಗೆ ಹೊಂದಿಕೊಂಡಿರುವಾಗ ಖುಷಿ ಎಂದರೆ ನಾವೇಕೆ ಮುಜುಗರಪಡಬೇಕು? ಕೊಡುವಾಗ ಮುಖ ಅರಳಿದವನನ್ನು ನೋಡಿ "ನೀನು ನಿನ್ನ ಖುಷಿಗೆ ಮಾಡಿದ್ದು" ಎಂದು ಹಂಗಿಸುವುದು ಅನ್ಯಾಯ. ಒಳ್ಳೆಯ ಕೆಲಸದಲ್ಲಿ ಸಂತೋಷ ಕಾಣದವನನ್ನು ಒಳ್ಳೆಯವನೆಂದೇ ಕರೆಯಲಾಗದು ಎಂದು ಅರಿಸ್ಟಾಟಲ್ ಹೇಳಿದ್ದಾನೆ. ನಾನು ಅವನ ಪಕ್ಷ.

ಕಂಕನಾಡಿ

ಹಸಿದವನಿಗೆ ಕೊಟ್ಟವನ ಮನಸ್ಸು ಕಟ್ಟಿಕೊಂಡು ಎಂತ ಆಗ್ಬೇಕು? ಅನ್ನ ಬಂತಾ, ಸಾಕು.

ಉರ್ವದ ಮಾಸ್ಟ್ರು

ಆ ಹುಡುಗಿ ಅರಿಸ್ಟಾಟಲನನ್ನು ತಂದರು, ಎದುರು ಪಕ್ಷಕ್ಕೆ ಜರ್ಮನಿಯ ತತ್ವಜ್ಞಾನಿ ಕಾಂಟ್ ಇರಲಿ. 1785ರಲ್ಲಿ ಕಾಂಟ್ ಒಬ್ಬ ಮನುಷ್ಯನ ಚಿತ್ರ ಕೊಡುತ್ತಾನೆ. ಅವನಿಗೆ ತನ್ನದೇ ದುಃಖ ಎಷ್ಟೆಂದರೆ ಬೇರೆಯವರ ಕಷ್ಟ ನೋಡಿದರೆ ಮನಸ್ಸು ಕದಲುವುದೇ ಇಲ್ಲ. ಆದರೂ ಮಾಡಬೇಕಾದದ್ದು ಎಂಬ ಒಂದೇ ಕಾರಣಕ್ಕೆ ಎದ್ದು ಹೋಗಿ ಸಹಾಯ ಮಾಡುತ್ತಾನೆ. ಅವನ ಕೆಲಸಕ್ಕೆ ನಿಜವಾದ ನೈತಿಕ ಬೆಲೆ ಬಂದದ್ದು ಆಗಲೇ ಎನ್ನುತ್ತಾನೆ ಕಾಂಟ್.

ಪುಸ್ತಕದ ಮಾತು ಸಾಕು. ನಮ್ಮ ಊರಿನಲ್ಲೇ ಕುದ್ಮುಲ್ ರಂಗರಾಯರು ಇದ್ದರು. 1859ರಲ್ಲಿ ಹುಟ್ಟಿದ ಸಾರಸ್ವತ ಬ್ರಾಹ್ಮಣ, ವಕೀಲರು. 1897ರಲ್ಲಿ ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ ದಲಿತ ಮಕ್ಕಳಿಗೆ ಶಾಲೆ ಮಾಡಿದರು. ಸ್ವಂತ ಜಾತಿಯವರು ಬಹಿಷ್ಕಾರ ಹಾಕಿದರು. ವಿಧವೆಯರಿಗೆ ಮರುಮದುವೆ ಆಗಬೇಕು ಎಂದರು, ಮಗಳನ್ನು ಬೇರೆ ಜಾತಿಗೆ ಕೊಟ್ಟರು. 1928ರಲ್ಲಿ ತೀರಿಕೊಂಡರು. ಬಹಿಷ್ಕಾರದಲ್ಲಿ ವರ್ಷಗಟ್ಟಲೆ ಬದುಕುವುದರಲ್ಲಿ ಯಾವ ಖುಷಿ ಉಂಟು ಹೇಳಿ? ಅವರು ತಮ್ಮ ಖುಷಿಗೆ ಮಾಡಿದರು ಎನ್ನುವವರಿಗೆ ಆ ಕಾಲದ ಜಾತಿ ಬಹಿಷ್ಕಾರ ಏನೆಂದು ಗೊತ್ತಿಲ್ಲ. ಬಾವಿ, ಮದುವೆ, ಸಾವು, ಎಲ್ಲದಕ್ಕೂ ಬಾಗಿಲು ಮುಚ್ಚುತ್ತಿತ್ತು.

ಬಿಳಿ ಕೋಟು

ಕಂಕನಾಡಿಯವರೇ, ನಿಮ್ಮ ಮಾತು ನನ್ನ ಕೆಲಸದಲ್ಲಿ ನಿಲ್ಲುವುದಿಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ನಾನು ಬ್ಲಡ್ ಬ್ಯಾಂಕಿನಲ್ಲಿ ಟೆಕ್ನಿಶಿಯನ್. ಒಬ್ಬರಿಂದ ಒಮ್ಮೆ ತೆಗೆಯುವುದು 350 ಅಥವಾ 450 ಮಿಲಿಲೀಟರ್. ಅದನ್ನು ನಾವು ಕೆಂಪು ಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್ ಎಂದು ಬೇರೆ ಮಾಡುತ್ತೇವೆ. ಪ್ಲಾಸ್ಮಾವನ್ನು ಮಂಜುಗಡ್ಡೆಯ ಹಾಗೆ ಗಟ್ಟಿ ಮಾಡಿ ತಿಂಗಳುಗಟ್ಟಲೆ ಇಡಬಹುದು. ಕೆಂಪು ಕಣ ಚೀಲದೊಳಗಿನ ದ್ರಾವಣ ನೋಡಿಕೊಂಡು 35 ಅಥವಾ 42 ದಿನ. ಪ್ಲೇಟ್‌ಲೆಟ್ ಮಾತ್ರ ಬರೀ 5 ದಿನ. ಅದನ್ನು ಫ್ರಿಜ್ಜಿನಲ್ಲೂ ಇಡುವಂತಿಲ್ಲ. 20ರಿಂದ 24 ಡಿಗ್ರಿಯಲ್ಲಿ, ಹಗಲು ರಾತ್ರಿ ಮೆಲ್ಲಗೆ ಅಲ್ಲಾಡಿಸುತ್ತಲೇ ಇರುವ ಯಂತ್ರದ ತಟ್ಟೆಯಲ್ಲಿ ಹಳದಿ ಬಣ್ಣದ ಆ ಚೀಲಗಳು ಸಾಲಾಗಿ ಮಲಗಿರುತ್ತವೆ. ಅವಧಿ ಮುಗಿದರೆ ಯಾರದ್ದೇ ಆಗಿರಲಿ, ಕಸಕ್ಕೆ.

ಈಗ ಶಿಬಿರಗಳನ್ನು ನೋಡಿ. ಆಗಸ್ಟ್ 15, ನಾಯಕರ ಹುಟ್ಟುಹಬ್ಬ, ಸಂಘದ ವಾರ್ಷಿಕೋತ್ಸವ. ಶಾಮಿಯಾನ, ಬ್ಯಾನರ್, ಸರ್ಟಿಫಿಕೇಟ್, ಫೋಟೊ. ಬಂದವರ ಮುಖದಲ್ಲಿ ನಿಜವಾಗಿಯೂ ಸಂತೋಷ ಇರುತ್ತದೆ, ನಾನು ಅದನ್ನು ಕೀಳು ಮಾಡುವುದಿಲ್ಲ. ಆದರೆ ಒಂದು ಸಲ ಕೊಟ್ಟ ಗಂಡಸು ಮತ್ತೆ ಕೊಡಬೇಕಾದರೆ 3 ತಿಂಗಳು, ಹೆಂಗಸು 4 ತಿಂಗಳು ಕಾಯಬೇಕು. ಒಂದೇ ದಿನ ಊರಿನ ಯುವಕರೆಲ್ಲ ಕೊಟ್ಟರೆ ಮುಂದಿನ 3 ತಿಂಗಳು ಅವರಲ್ಲಿ ಯಾರನ್ನೂ ಕರೆಯುವ ಹಾಗಿಲ್ಲ. ಏಪ್ರಿಲ್, ಮೇ ಬಂತೆಂದರೆ ಕಾಲೇಜು ರಜೆ, ರಕ್ತ ಕೊಡುವವರು ಊರಿಗೆ ಹೋಗಿರುತ್ತಾರೆ. ಮಳೆ ಹಿಡಿದ ಮೇಲೆ ಡೆಂಗಿ, ಅದರಲ್ಲಿ ಕೆಲವರಿಗೆ ಪ್ಲೇಟ್‌ಲೆಟ್ ಬೇಕಾಗುತ್ತದೆ. 2019ರ ಜುಲೈ, ಆಗಸ್ಟಿನಲ್ಲಿ ಮಂಗಳೂರಿನಲ್ಲಿ ಡೆಂಗಿ ಹೇಗೆ ಹಬ್ಬಿತ್ತು ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಆಗ ನಮಗೆ ಇವತ್ತು ಹತ್ತು ಜನ, ನಾಳೆ ಹತ್ತು ಜನ, ನಾಡಿದ್ದು ಹತ್ತು ಜನ ಬೇಕು. ನಾಲ್ಕು ವಾರದ ಹಿಂದೆ ಒಂದೇ ದಿನ ಬಂದ ಮುನ್ನೂರು ಜನರಿಂದ ಆ ಹೊತ್ತಿಗೆ ಉಪಯೋಗ ಇಲ್ಲ.

ಯಾಕೆ ಕೊಡುತ್ತೀರಿ ಎಂದು ನಾನು ಯಾರನ್ನೂ ಕೇಳುವುದಿಲ್ಲ, ಕೇಳಿದರೂ ಸರಿಯಾದ ಉತ್ತರ ಬರಲಿಕ್ಕಿಲ್ಲ. ಆದರೆ ರಿಜಿಸ್ಟರಿನಲ್ಲಿ ತಾರೀಕು ಇರುತ್ತದೆ. ಕೆಲವರು ತಮ್ಮ ದಿನಕ್ಕೆ ಬರುತ್ತಾರೆ, ಕೆಲವರು ರೋಗಿಯ ದಿನಕ್ಕೆ ಬರುತ್ತಾರೆ.

ಇನ್ನೊಂದು ವಿಷಯ. ಮೊದಲು ದುಡ್ಡಿಗೆ ರಕ್ತ ಕೊಡುವವರೇ ಇದ್ದರು. ಸುಪ್ರೀಂ ಕೋರ್ಟಿನ 1996ರ ತೀರ್ಪಿನ ನಂತರ 1998ರ ಜನವರಿ 1ರಿಂದ ಅದು ನಿಂತಿತು. ದುಡ್ಡು ಬೇಕಾದವನು ತನಗಿದ್ದ ಕಾಯಿಲೆ ಮುಚ್ಚಿಡುತ್ತಿದ್ದ, ಹೋದ ವಾರವಷ್ಟೇ ಕೊಟ್ಟದ್ದನ್ನೂ ಮುಚ್ಚಿಡುತ್ತಿದ್ದ. ಅವನ ಉದ್ದೇಶ ಚೀಲದೊಳಗೇ ಬಂದು ರೋಗಿಯ ಮೈ ಸೇರುತ್ತಿತ್ತು. ಹಾಗಿರುವಾಗ ಕೊಡುವವನ ಮನಸ್ಸು ನಮಗೆ ಬೇಡ ಎಂದು ನಾನು ಹೇಗೆ ಹೇಳಲಿ?

ಕಾಪು ಲೈಟ್‌ಹೌಸ್

ಇಲ್ಲಿ ಬರೆದವರೆಲ್ಲ ಕೊಡುವ ಕಡೆಯವರು. ನಾನು ತೆಗೆದುಕೊಂಡ ಕಡೆಯವಳು.

ಅಪ್ಪ ಆಸ್ಪತ್ರೆಯಲ್ಲಿದ್ದಾಗ ನಾನು ಮತ್ತು ಅಮ್ಮ ವಾರ್ಡಿನ ಹೊರಗೆ, ವರಾಂಡದಲ್ಲಿ ಚಾಪೆ ಹಾಸಿಕೊಂಡು ಮಲಗುತ್ತಿದ್ದೆವು. ಯಾವ ಊರು, ಯಾವ ಆಸ್ಪತ್ರೆ ಬೇಡ. ಭಾನುವಾರ ಎರಡೆರಡು ಕಡೆಯಿಂದ ಊಟ ಬರುತ್ತಿತ್ತು. ಹಬ್ಬದ ದಿನ ಮೂರು ಕಡೆಯಿಂದ. ಮಂಗಳವಾರ, ಬುಧವಾರ ಒಮ್ಮೊಮ್ಮೆ ಯಾರೂ ಇಲ್ಲ. ಹುಟ್ಟುಹಬ್ಬದವರು ತರುವುದು ಕೇಸರಿಬಾತು, ಲಾಡು, ತುಪ್ಪದನ್ನ. ಅಮ್ಮನಿಗೆ ಸಕ್ಕರೆ ಕಾಯಿಲೆ. ಅವರಿಗೆ ಬೇಕಿದ್ದದ್ದು ಒಂದು ಬಟ್ಟಲು ಕುಚ್ಚಲಕ್ಕಿ ಗಂಜಿ, ನಂಚಲು ಸ್ವಲ್ಪ ಉಪ್ಪಿನಕಾಯಿ. ಬೇಡ ಎನ್ನಲು ಆಗುವುದಿಲ್ಲ. ಕೊಡುವವರು ಮುಖ ನೋಡುತ್ತಾ ನಿಂತಿರುತ್ತಾರೆ. ನಾವು ನಗಬೇಕು, "ಚೆನ್ನಾಗಿದೆ" ಎನ್ನಬೇಕು, ಫೋಟೊ ತೆಗೆದರೆ ಈ ಕಡೆ ತಿರುಗಬೇಕು. ಒಳಗೆ ಅಪ್ಪನಿಗೆ ಆಕ್ಸಿಜನ್ ಹಾಕಿರುವಾಗ ಹೊರಗೆ ನಿಂತು ಇನ್ನೊಬ್ಬರ ಹುಟ್ಟುಹಬ್ಬಕ್ಕೆ ನಗುವುದು ಎಷ್ಟು ಕಷ್ಟ ಎಂದು ಬರೆದು ತಿಳಿಸಲು ನನಗೆ ಆಗುವುದಿಲ್ಲ. ಕಂಕನಾಡಿಯವರೇ, ಕೊಟ್ಟವರ ಮನಸ್ಸು ತಟ್ಟೆಯಲ್ಲಿ ಕಾಣುತ್ತದೆ. ಹಸಿದವರಿಗೇ ಅದು ಮೊದಲು ಕಾಣುವುದು.

ಒಬ್ಬರ ಬಗ್ಗೆ ಹೇಳಬೇಕು. ಮಧ್ಯವಯಸ್ಸಿನವರು, ಹೆಸರು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಊಟ ತರುತ್ತಿರಲಿಲ್ಲ. ಒಂದು ರಾತ್ರಿ ಬಂದು ಸುಮ್ಮನೆ ಗೋಡೆಯ ಹತ್ತಿರ ಕೂತು ನೋಡಿದರು. ಮರುದಿನ ಒಂದು ಉದ್ದದ ಎಕ್ಸ್‌ಟೆನ್ಶನ್ ಬೋರ್ಡು ತಂದು, ವಾಚ್‌ಮನ್ನಿನ ಹತ್ತಿರ ಮಾತಾಡಿ, ಅಲ್ಲಿದ್ದ ಒಂದೇ ಪ್ಲಗ್ಗಿಗೆ ಸಿಕ್ಕಿಸಿ ಹೋದರು. ಅಷ್ಟು ದಿನ ನಾವೆಲ್ಲ ಒಂದು ಪ್ಲಗ್ಗಿಗೆ ಸರದಿ ನಿಲ್ಲುತ್ತಿದ್ದೆವು. ಮೊಬೈಲು ಸತ್ತರೆ ರಕ್ತಕ್ಕೆ ಯಾರನ್ನೂ ಕೇಳುವ ಹಾಗಿಲ್ಲ, ದುಡ್ಡಿಗೆ ಊರಿಗೆ ಫೋನ್ ಮಾಡುವ ಹಾಗಿಲ್ಲ. ಮತ್ತೊಂದು ದಿನ ಎರಡು ದೊಡ್ಡ ಫ್ಲಾಸ್ಕ್ ಬಿಸಿನೀರು ತಂದಿಟ್ಟರು. ರಾತ್ರಿ ಕ್ಯಾಂಟೀನು ಮುಚ್ಚಿದ ಮೇಲೆ ಬಿಸಿನೀರು ಎಲ್ಲೂ ಸಿಗುತ್ತಿರಲಿಲ್ಲ.

ಅವರು ಖುಷಿಗೆ ಮಾಡಿದರೋ, ಪುಣ್ಯಕ್ಕೆ ಮಾಡಿದರೋ ನನಗೆ ಗೊತ್ತಿಲ್ಲ. ಅವರು ನೋಡಿದ್ದು ನಮಗೆ ಏನು ಬೇಕು ಎಂಬುದನ್ನು. ನಮ್ಮ ಮುಖದಲ್ಲಿ ಏನು ಬರುತ್ತದೆ ಎಂದು ಕಾಯಲಿಲ್ಲ.

ಕಂಕನಾಡಿ

ಅಕ್ಕ, ನಾನು ಆ ಕಡೆಯಿಂದ ನೋಡಿಯೇ ಇರಲಿಲ್ಲ. ಎಕ್ಸ್‌ಟೆನ್ಶನ್ ಬೋರ್ಡಿನ ಮಾತು ತಲೆಯಲ್ಲಿ ಕೂತುಬಿಟ್ಟಿತು.

ಶಿರ್ವದ ಸಿಸ್ಟರ್

ಮಾಸ್ಟ್ರು ಹೇಳಿದ ಕಾಂಟನ ಮನುಷ್ಯನನ್ನು ನಾನು ಕಂಡಿದ್ದೇನೆ. ನಾನು ನರ್ಸ್, ಮನೆಗಳಿಗೆ ಹೋಗಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಕೆಲಸ. ಅಂಥವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು, ಸೊಂಟ, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ. ಹಗಲು ಸರಿ, ರಾತ್ರಿ ಹನ್ನೆರಡಕ್ಕೆ, ಎರಡಕ್ಕೆ, ನಾಲ್ಕಕ್ಕೆ ಏಳಬೇಕು. ಅದರಲ್ಲಿ ಯಾರಿಗೂ ಖುಷಿ ಸಿಗುವುದಿಲ್ಲ. ಆದರೂ ಮಾಡುವ ಸೊಸೆಯರು, ಮಗಂದಿರು, ಗಂಡಂದಿರು ಈ ಜಿಲ್ಲೆಯಲ್ಲಿ ಎಷ್ಟೋ ಮನೆಯಲ್ಲಿದ್ದಾರೆ. ಹಾಗಾಗಿ ಎಲ್ಲರೂ ಖುಷಿಗೇ ಮಾಡುವುದು ಎಂಬ ಮಾತು ನನಗೆ ಒಪ್ಪಿಗೆಯಿಲ್ಲ.

ಆದರೆ ಬರೀ ಕರ್ತವ್ಯ ಎಂದು ಹಲ್ಲು ಕಚ್ಚಿ ಮಾಡುವ ಕೈ ರೋಗಿಗೆ ಗೊತ್ತಾಗುತ್ತದೆ ಮಾಸ್ಟ್ರೆ. ಮಗ್ಗುಲು ತಿರುಗಿಸುವಾಗ ಭುಜ ಹಿಡಿಯುವ ರೀತಿಯಲ್ಲೇ ಗೊತ್ತಾಗುತ್ತದೆ. ಮುದುಕಿಯೊಬ್ಬರು ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರು, ಪದೇಪದೇ ಮೂತ್ರಕ್ಕೆ ಎಬ್ಬಿಸಿ ಮಗಳಿಗೆ ಭಾರವಾಗಬಾರದು ಎಂದು. ಮಗಳು ಯಾವ ಕೆಲಸವನ್ನೂ ತಪ್ಪಿಸಿರಲಿಲ್ಲ, ಒಂದು ಮಾತೂ ಜೋರಾಗಿ ಆಡಿರಲಿಲ್ಲ. ಕಾಂಟ್ ಅವಳಿಗೆ ಪೂರ್ತಿ ಅಂಕ ಕೊಡುತ್ತಿದ್ದನೋ ಏನೋ.

ದೊಡ್ಡ ಉದ್ದೇಶದ ಬಗ್ಗೆಯೂ ಒಂದು ಮಾತು, ನನ್ನವರೇ ಬೇಸರ ಮಾಡಿಕೊಳ್ಳಬಹುದು. ಸ್ವರ್ಗ ಸಿಗಲಿ, ಪುಣ್ಯ ಬರಲಿ ಎಂದು ಮಾಡುವವರೂ ರೋಗಿಯನ್ನು ಬಿಟ್ಟು ಬೇರೆಲ್ಲೋ ನೋಡುತ್ತಿರುತ್ತಾರೆ. ಕ್ರಿಸ್ಮಸ್ ಹತ್ತಿರ ಬಂದಾಗ ಗುಂಪಾಗಿ ಬರುತ್ತಾರೆ, ಹಾಡುತ್ತಾರೆ, ಪ್ರಾರ್ಥಿಸುತ್ತಾರೆ. ಮಲಗಿದವರಿಗೆ ಆಗಷ್ಟೇ ನೋವಿನ ಮಾತ್ರೆ ಕೊಟ್ಟು ನಿದ್ದೆ ಹತ್ತಿರುತ್ತದೆ. ಅವರನ್ನು ಎಬ್ಬಿಸಿ ಆಶೀರ್ವಾದ ಮಾಡಿಸಿಕೊಳ್ಳುತ್ತಾರೆ. ತನ್ನ ಖುಷಿಗೆ ಬಂದವನಿಗೂ ತನ್ನ ಪರಲೋಕಕ್ಕೆ ಬಂದವನಿಗೂ ಹಾಸಿಗೆಯಲ್ಲಿ ಮಲಗಿದವರಿಂದ ನೋಡಿದರೆ ನನಗೆ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ.

1890ರಲ್ಲಿ ಫಾದರ್ ಮುಲ್ಲರ್ ಕಂಕನಾಡಿಯಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಮಾಡಿದರು. ಅವರಿಗೂ ಸ್ವರ್ಗದ ನಂಬಿಕೆ ಇತ್ತು, ಇಲ್ಲದಿದ್ದರೆ ಜರ್ಮನಿಯಲ್ಲಿ ಹುಟ್ಟಿದವರು ಇಲ್ಲಿಗೆ ಬರುತ್ತಿರಲಿಲ್ಲ. ಆದರೆ ಆ ನಂಬಿಕೆಯಿಂದ ಅವರು ಮಾಡಿದ್ದು ಔಷಧಿ, ಹಾಸಿಗೆ, ಸೂರು. ರೋಗಿಗೆ ಬೇಕಿದ್ದದ್ದೂ ಅದೇ.

ರಥಬೀದಿ

ಸಿಸ್ಟರ್ ಹೇಳಿದ್ದು ನನಗೆ ಗೀತೆಯ 17ನೇ ಅಧ್ಯಾಯವನ್ನು ನೆನಪಿಸಿತು. ಅಲ್ಲಿ ದಾನವನ್ನು ಮೂರು ಬಗೆ ಮಾಡಿದ್ದಾರೆ. ಕೊಡಬೇಕು ಎಂದು, ತಿರುಗಿ ಉಪಕಾರ ಮಾಡಲಾಗದವನಿಗೆ, "ದೇಶೇ ಕಾಲೇ ಚ ಪಾತ್ರೇ ಚ" ಕೊಟ್ಟದ್ದು ಸಾತ್ವಿಕ. ಪ್ರತ್ಯುಪಕಾರಕ್ಕೆ, ಫಲಕ್ಕೆ ಕಣ್ಣಿಟ್ಟು ನೊಂದುಕೊಂಡು ಕೊಟ್ಟದ್ದು ರಾಜಸ. ಹೊತ್ತು ಗೊತ್ತಿಲ್ಲದೆ, ತೆಗೆದುಕೊಳ್ಳುವವನನ್ನು ಕಡೆಗಣಿಸಿ ಕೊಟ್ಟದ್ದು ತಾಮಸ. ನಾವು ಪ್ರವಚನದಲ್ಲಿ ಕೇಳುವಾಗ ಮೊದಲ ಭಾಗವನ್ನು ಹಿಡಿದುಕೊಳ್ಳುತ್ತೇವೆ, ಫಲದ ಆಸೆ ಬೇಡ ಎಂದು. ಸ್ಥಳ, ಹೊತ್ತು, ಯಾರಿಗೆ ಎಂಬ ಭಾಗವನ್ನು ಶಾಸ್ತ್ರದ ಮಡಿಮೈಲಿಗೆಯ ಮಾತು ಎಂದು ದಾಟಿಬಿಡುತ್ತೇವೆ. ಆ ಬ್ಲಡ್ ಬ್ಯಾಂಕಿನವರು ಪ್ಲೇಟ್‌ಲೆಟ್ಟಿನ 5 ದಿನದ ಲೆಕ್ಕ ಹೇಳಿದಾಗ ನನಗೆ ಆ ಸಾಲು ಮೊದಲ ಬಾರಿಗೆ ನೇರವಾಗಿ ಅರ್ಥವಾಯಿತು. ಕೊಡುವ ಹೊತ್ತನ್ನು ನಿರ್ಣಯಿಸಬೇಕಾದದ್ದು ತೆಗೆದುಕೊಳ್ಳುವವರ ಅವಸ್ಥೆ.

ನಮ್ಮ ಉಡುಪಿಯ ಮಧ್ವಾಚಾರ್ಯರು ಗೀತೆಯ ತಾತ್ಪರ್ಯ ಹೇಳುವಲ್ಲಿ ಜನರ ಸೇವೆಯನ್ನು ಕರಕ್ಕೆ, ಅಂದರೆ ದೊರೆಗೆ ಪ್ರಜೆ ಸಲ್ಲಿಸುವ ತೆರಿಗೆಗೆ ಹೋಲಿಸಿದ್ದಾರೆ. ಭಗವಂತನ ರಾಜ್ಯದಲ್ಲಿ ಬದುಕುತ್ತಿರುವವನು ಅವನ ಪ್ರಜೆಗಳಿಗೆ ಮಾಡುವ ಸೇವೆ ಅವನಿಗೆ ಸಲ್ಲಬೇಕಾದ ಬಾಕಿ. ನಾನು ಇದನ್ನು ಬಹಳ ಗಂಭೀರವಾಗಿ ತೆಗೆದುಕೊಂಡಿದ್ದೇನೆ. ತೆರಿಗೆ ಕಟ್ಟಿ ಬಂದವನು "ನಾನು ಉಪಕಾರ ಮಾಡಿದೆ" ಎನ್ನುವುದಿಲ್ಲ, ಎದುರಿನವನ ಕೃತಜ್ಞತೆಗೆ ಕಾಯುವುದೂ ಇಲ್ಲ. ಕಾಪುವಿನ ತಂಗಿ ಹೇಳಿದ ಆ ಒತ್ತಾಯದ ನಗುವಿಗೆ ಅಲ್ಲಿ ಜಾಗವೇ ಇಲ್ಲ.

ಬಂದರು

ರಥಬೀದಿಯವರ ಮಾತು ಓದಿ ನಮ್ಮ ಮನೆಯ ಮಾತೇ ಓದಿದ ಹಾಗೆ ಆಯಿತು. ಜಕಾತ್, ಅಂದರೆ ನಮ್ಮಲ್ಲಿನ ಕಡ್ಡಾಯ ದಾನ, ಕೂಡ ಹಾಗೆಯೇ. ಒಂದು ಮಿತಿಗಿಂತ ಹೆಚ್ಚಿನ ಉಳಿತಾಯ ಒಂದು ಚಾಂದ್ರ ವರ್ಷ ಕೈಯಲ್ಲಿದ್ದರೆ ಅದರ 2.5 ಶೇಕಡಾ ಕೊಡಲೇಬೇಕು. ಶ್ರೀಮಂತನ ಸಂಪತ್ತಿನಲ್ಲಿ ಕೇಳುವವನಿಗೂ ವಂಚಿತನಿಗೂ ನಿಗದಿಯಾದ ಹಕ್ಕಿದೆ ಎನ್ನುತ್ತದೆ ಕುರ್‌ಆನ್. ಹಕ್ಕು ಅವನದ್ದಾದ ಮೇಲೆ ಕೊಡುವವನಿಗೆ ಖುಷಿಯಾಯಿತೋ ಇಲ್ಲವೋ ಎಂಬುದು ಎರಡನೆಯ ಮಾತು. ಅದರ ಮೇಲೆ ಇಷ್ಟಪಟ್ಟು ಕೊಡುವ ಸದಕಾ ಬೇರೆ, ಅದನ್ನು ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದ ಹಾಗೆ ಕೊಡಬೇಕೆಂದು ಹಿರಿಯರು ಕಲಿಸಿದ್ದು.

ಒಂದು ಸಂಗತಿ ಮಾತ್ರ ನನಗೆ ನೋವು. ರಂಜಾನಿನಲ್ಲಿ ಮನೆ ಬಾಗಿಲಿಗೆ ಬಂದವರನ್ನು ಬಿಸಿಲಿನಲ್ಲಿ ಸಾಲು ನಿಲ್ಲಿಸಿ ಕೊಡುವವರೂ ಇದ್ದಾರೆ. ಹಕ್ಕು ಪಡೆಯಲು ಬಂದವನನ್ನು ಬೇಡಲು ಬಂದವನಂತೆ ನಿಲ್ಲಿಸಿದರೆ ಕೊಟ್ಟೂ ಏನು ಬಂತು?

ಎಂಡ್‌ಪಾಯಿಂಟ್

ಎಲ್ಲವನ್ನೂ ಎರಡೆರಡು ಸಲ ಓದಿದೆ. ರಥಬೀದಿಯವರು ತೆರಿಗೆಯ ಮಾತು ಹೇಳಿದಾಗ 2007ರ ಪ್ರಯೋಗವೇ ನೆನಪಾಯಿತು. ತೆರಿಗೆಯಾಗಿ ಹೋದ ಹಣದಿಂದಲೂ ಜನರಿಗೆ ಒಳಗೆ ಸಂತೋಷವಾಗಿತ್ತು ಎಂದು ನಾನೇ ಬರೆದಿದ್ದೆನಲ್ಲ. ಅಲ್ಲಿ ಅವರು ಏನನ್ನೂ ಮಾಡಿರಲಿಲ್ಲ, ಆರಿಸಿಯೂ ಇರಲಿಲ್ಲ. ಬಡವರಿಗೆ ಆಹಾರ ಸಿಕ್ಕಿತು ಎಂಬುದಷ್ಟೇ ಅವರಿಗೆ ಗೊತ್ತಿದ್ದದ್ದು. ಹಾಗಾದರೆ ಆ ಸಂತೋಷ "ನಾನು ಕೊಟ್ಟೆ" ಎಂಬುದರದ್ದು ಅಲ್ಲ, "ಅವರಿಗೆ ಸಿಕ್ಕಿತು" ಎಂಬುದರದ್ದು. ಬಿಜೈಯವರು ಹೇಳಿದ ಬಟ್ಲರನ ವಾದಕ್ಕೆ ಇದು ಹತ್ತಿರ ಬರುತ್ತದೆ, ಅಲ್ವಾ ಸರ್?

ಡೇನಿಯಲ್ ಬ್ಯಾಟ್ಸನ್ ಎಂಬ ಮನಶ್ಶಾಸ್ತ್ರಜ್ಞ 1981ರಲ್ಲಿ ಇನ್ನೊಂದು ರೀತಿ ಪರೀಕ್ಷೆ ಮಾಡಿದ್ದ. ಒಬ್ಬ ಹುಡುಗಿಗೆ ವಿದ್ಯುತ್ ಶಾಕ್ ಕೊಡುತ್ತಿರುವ ಹಾಗೆ ತೋರಿಸುವುದು, ನೋಡುವವರಿಗೆ "ಬೇಕಾದರೆ ಅವಳ ಬದಲು ನೀವು ಕೂರಬಹುದು" ಎನ್ನುವುದು. ಕೆಲವರಿಗೆ ಎದ್ದು ಹೋಗುವ ಅವಕಾಶ ಸುಲಭವಾಗಿತ್ತು. ನೋಡಿದ್ದರಿಂದ ಆಗುವ ಸಂಕಟ ಕಳೆದುಕೊಳ್ಳುವುದಷ್ಟೇ ಬೇಕಿದ್ದರೆ ಎದ್ದು ಹೋದರೆ ಮುಗಿಯಿತು. ಆದರೆ ಆ ಹುಡುಗಿ ತನ್ನ ಹಾಗೆಯೇ ಎಂದು ಅನ್ನಿಸಿದವರಲ್ಲಿ ಹೆಚ್ಚಿನವರು ಹೋಗಲಿಲ್ಲ, ಅವಳ ಜಾಗದಲ್ಲಿ ಕೂರಲು ಒಪ್ಪಿದರು.

ಆದರೂ ನಾನು ಖುಷಿಯನ್ನು ಬಿಟ್ಟುಕೊಡುವುದಿಲ್ಲ. ಮಾಸ್ಟ್ರೆ, ಕುದ್ಮುಲ್ ರಂಗರಾಯರ ಆಸೆ ಏನಿತ್ತು ನೀವೇ ಹೇಳಿ. ತಮ್ಮ ಶಾಲೆಯಲ್ಲಿ ಕಲಿತ ಮಕ್ಕಳು ದೊಡ್ಡ ಕೆಲಸ ಹಿಡಿದು ಇದೇ ರಸ್ತೆಯಲ್ಲಿ ಕಾರಿನಲ್ಲಿ ಓಡಾಡಬೇಕು, ಆ ಕಾರಿನ ಧೂಳು ತಮ್ಮ ತಲೆಗೆ ತಾಗಿದರೆ ಜನ್ಮ ಸಾರ್ಥಕ ಎಂದಿದ್ದರಂತೆ. ಬಹಿಷ್ಕಾರದ ನಡುವೆಯೂ ಆ ಧೂಳನ್ನು ನೆನೆಸಿಕೊಂಡರೆ ಅವರಿಗೆ ಸಂತೋಷವಾಗುತ್ತಿತ್ತು ಎಂದು ನಾನು ನಂಬುತ್ತೇನೆ. ಇಲ್ಲದಿದ್ದರೆ ಅಷ್ಟು ವರ್ಷ ನಿಲ್ಲಲು ಆಗುತ್ತಿರಲಿಲ್ಲ.

ಉರ್ವದ ಮಾಸ್ಟ್ರು

ಒಪ್ಪಿದೆ ಮಗಾ. ಆದರೆ ಆ ಸಂತೋಷದಲ್ಲಿ ಅವರು ಇರುವುದು ರಸ್ತೆಯ ಬದಿಯಲ್ಲಿ, ಧೂಳಿನಲ್ಲಿ. ಕಾರಿನೊಳಗೆ ಇರುವುದು ಬೇರೆಯವರ ಮಕ್ಕಳು. ಇದಕ್ಕೂ ನಾವು ನಮ್ಮ ಖುಷಿ ಎಂದು ಸಾಮಾನ್ಯವಾಗಿ ಹೇಳುವುದಕ್ಕೂ ಒಂದೇ ಹೆಸರು ಇಟ್ಟರೆ ಮುಖ್ಯವಾದದ್ದೇ ಕಣ್ಣಿಗೆ ಬೀಳದೆ ಹೋಗುತ್ತದೆ.

ಕಂಕನಾಡಿ

ಹರೇಕಳ ಹಾಜಬ್ಬರನ್ನು ಯಾರೂ ನೆನಪು ಮಾಡಲಿಲ್ಲ. ಕಿತ್ತಳೆ ಮಾರುವಾಗ ವಿದೇಶಿಯರು ಇಂಗ್ಲಿಷಿನಲ್ಲಿ ಬೆಲೆ ಕೇಳಿದರು, ಇವರಿಗೆ ಉತ್ತರ ಕೊಡಲಾಗಲಿಲ್ಲ. ಆ ಅವಮಾನವೇ ನ್ಯೂಪಡ್ಪುವಿನ ಶಾಲೆಗೆ ಮೂಲ. ಶುರುವಾದದ್ದು ಖುಷಿಯಿಂದಲೂ ಅಲ್ಲ, ದೊಡ್ಡ ತತ್ವದಿಂದಲೂ ಅಲ್ಲ, ತನಗಾದ ನೋವಿನಿಂದ. ಆದರೆ ಆ ನೋವು ತನ್ನ ಊರಿನ ಮಕ್ಕಳಿಗೆ ಆಗಬಾರದು ಎಂಬಲ್ಲಿಗೆ ಹೋಯಿತು. 2020ರ ಪದ್ಮಶ್ರೀ ಪಟ್ಟಿಯಲ್ಲಿ ಹೆಸರು ಬಂದದ್ದು ಆಮೇಲಿನ ಮಾತು. ಪ್ರಶಸ್ತಿಗಳಿಂದ ಬಂದ ಹಣವನ್ನೂ ಅವರು ಶಾಲೆಗೇ ಹಾಕಿದವರು. ಎಲ್ಲಿಂದ ಹೊರಟರು ಎಂಬುದಕ್ಕಿಂತ ಆಮೇಲೆ ಎಲ್ಲಿಗೆ ನೋಡಿದರು ಎಂಬುದೇ ನನಗೆ ಹೆಚ್ಚು.

ಬಿಜೈ ವಾಸಿ

ಎಲ್ಲರಿಗೂ ಕೈಮುಗಿದು ಬರೆಯುತ್ತಿದ್ದೇನೆ. ನಾನು ಕೇಳಿದ್ದು ಎರಡರಲ್ಲಿ ಯಾವುದು ಎಂದು. ನೀವು ಮೂರನೆಯದನ್ನು ತೋರಿಸಿದ್ದೀರಿ. ಖುಷಿಯೂ, ಪುಣ್ಯವೂ, ಕರ್ತವ್ಯವೂ ನಮ್ಮ ಕಡೆಗೇ ತಿರುಗಿಕೊಳ್ಳಬಹುದು, ಅದೇ ಮೂರೂ ಎದುರಿನವರ ಕಡೆಗೂ ತಿರುಗಬಹುದು. ಯಾವ ಕಡೆಗೆ ತಿರುಗಿದೆ ಎಂದು ಹೇಗೆ ತಿಳಿಯುವುದು ಎಂದರೆ, ಬ್ಲಡ್ ಬ್ಯಾಂಕಿನ ಸಹೋದರರು ಹೇಳಿದ ಹಾಗೆ ತಾರೀಕು ನೋಡಬೇಕು, ಕಾಪುವಿನ ತಂಗಿ ಹೇಳಿದ ಹಾಗೆ ತಟ್ಟೆ ನೋಡಬೇಕು.

ನಿನ್ನೆ ಹಳೆಯ ಪಟ್ಟಿ ತೆಗೆದು ಕೂತೆ. ನಮ್ಮಲ್ಲೂ ಭಾನುವಾರಕ್ಕೆ ಜನ ಹೆಚ್ಚು, ಮಂಗಳವಾರ, ಬುಧವಾರಕ್ಕೆ ಕಡಿಮೆ. ತಂಡದ ಮುಂದೆ ಇಡಬೇಕೆಂದಿರುವುದು ಇಷ್ಟು: ದುಡ್ಡು ಯಾವ ದಿನದ ಹೆಸರಿನಲ್ಲಿ ಬೇಕಾದರೂ ಬರಲಿ, ಊಟ ಎಲ್ಲಾ ದಿನ ಸಮನಾಗಿ ಹೋಗಲಿ. ಗಂಜಿ ಪ್ರತಿದಿನ ಇರಲಿ. ಫೋಟೊ ಬೇಡ. ಎರಡು ವಾರಕ್ಕೊಮ್ಮೆ ನಮ್ಮಲ್ಲಿ ಒಬ್ಬರು ಏನನ್ನೂ ಕೊಡದೆ ವರಾಂಡದಲ್ಲಿ ಕೂತು ಏನು ಬೇಕಾಗಿದೆ ಎಂದು ನೋಡಿ ಬರಲಿ.

ಬಿಳಿ ಕೋಟು

ನಿಮ್ಮ ತಂಡದವರು ರಕ್ತ ಕೊಡುವವರಾದರೆ ಒಂದೇ ದಿನ ಬರಬೇಡಿ. ನಾಲ್ಕು ಗುಂಪು ಮಾಡಿಕೊಂಡು ತಿಂಗಳಿಗೊಂದು ಗುಂಪು ಬಂದರೆ ಸಾಕು, ವರ್ಷವಿಡೀ ಯಾರಾದರೊಬ್ಬರು ಕೊಡುವ ಸ್ಥಿತಿಯಲ್ಲಿ ಇರುತ್ತೀರಿ.

ಎಂಡ್‌ಪಾಯಿಂಟ್

ಒಂದು ಅನುಮಾನ ಉಳಿದಿದೆ ಸರ್. ಹುಟ್ಟುಹಬ್ಬದವರಿಂದ ದುಡ್ಡು ಮಾತ್ರ ತೆಗೆದುಕೊಂಡು, ಬಡಿಸುವ ಅವಕಾಶವನ್ನೇ ತೆಗೆದುಬಿಟ್ಟರೆ ಅವರು ಮುಂದಿನ ವರ್ಷ ಕೊಡುತ್ತಾರಾ? ನಿಮ್ಮ ಸದಸ್ಯರು ಖುಷಿಯ ಮಾತು ಎತ್ತಿದ್ದರಲ್ಲಿ ಈ ಭಯವೂ ಇದ್ದಿರಬಹುದು. ಅವರನ್ನು ಕೆಳಗಿಟ್ಟು ನೋಡುವುದು ಬೇಡ.

ಶಿರ್ವದ ಸಿಸ್ಟರ್

ಅದು ನಿಜ. ಮೊದಲು ಫೋಟೊಕ್ಕೆಂದು ಬಂದು ಈಗ ತಾವಾಗಿ ಬಂದು ಗಾಯ ತೊಳೆಯಲು ಕೂರುವವರು ನನ್ನ ಜೊತೆ ಇದ್ದಾರೆ. ಬಾಗಿಲು ಹಾಕಬೇಡಿ.

ಬಿಜೈ ವಾಸಿ

ಹಾಕುವುದಿಲ್ಲ. ಬಡಿಸಲು ಬರಬಹುದು, ಆದರೆ ಪಟ್ಟಿಯಲ್ಲಿ ಖಾಲಿ ಇರುವ ದಿನ. ಭಾನುವಾರ ಹುಟ್ಟುಹಬ್ಬ ಇದ್ದವರು ಮಂಗಳವಾರ ಬರಲಿ. ಆ ಸದಸ್ಯರಿಗೆ ಇದನ್ನು ಫೋನಿನಲ್ಲಿ ಹೇಳಿದೆ. ಯೋಚಿಸಿ ಹೇಳುತ್ತೇನೆ ಎಂದಿದ್ದಾರೆ, ಇನ್ನೂ ಹೇಳಿಲ್ಲ. ಹಿರಿಯರು ಒಪ್ಪಿದ್ದಾರೆ, ಮಂಗಳವಾರದ ಗಂಜಿ ತಮ್ಮ ಮನೆಯಿಂದಲೇ ಎಂದಿದ್ದಾರೆ. ಮುಂದಿನ ಮೀಟಿಂಗು ಆದ ಮೇಲೆ ಏನು ತೀರ್ಮಾನವಾಯಿತು ಎಂದು ಇಲ್ಲೇ ಬರೆಯುತ್ತೇನೆ.